ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ

ಉಳಿದವನು

ನಮ್ಮದು ದೊಡ್ಡ ಕಂಪನಿ. ಹೆಸರು ಬೇಡ, ಹೇಳಿದರೆ ಉಳಿದಿರುವ ಕೆಲಸವೂ ಹೋದೀತು. ಕಳೆದ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರಿಗೂ ಒಂದು ಇಮೇಲ್ ಬಂತು. 'ಕಠಿಣ ನಿರ್ಧಾರ', 'ಮರುರಚನೆ', 'ನಮ್ಮ ಕುಟುಂಬ' ಎಲ್ಲವೂ ಒಂದೇ ಪ್ಯಾರಾದಲ್ಲಿದ್ದವು. ಕೆಲಸ ಕಳೆದುಕೊಳ್ಳುವವರಿಗೆ ಹತ್ತು ನಿಮಿಷದೊಳಗೆ ಇನ್ನೊಂದು ಇಮೇಲ್ ಬರುತ್ತದೆ ಎಂದು ಕೊನೆಯಲ್ಲಿತ್ತು. ಆ ಹತ್ತು ನಿಮಿಷ ಇಡೀ ಮಹಡಿಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ನನಗೆ ಎರಡನೆಯ ಇಮೇಲ್ ಬರಲಿಲ್ಲ. ಪಕ್ಕದ ಕುರ್ಚಿಯವರಿಗೆ ಬಂತು.

ಅವರು ಹದಿನಾರು ವರ್ಷದಿಂದ ಇದ್ದವರು, ನನಗೆ ಕೆಲಸ ಕಲಿಸಿದವರು. ಓದಿ ಮುಗಿಸಿ, ಚಾರ್ಜರಿನ ತಂತಿಯನ್ನು ನಿಧಾನವಾಗಿ ಸುತ್ತಿ, ಕನ್ನಡಕದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡರು. ಆಮೇಲೆ "ಇದು ಕಂಪನಿಯದಲ್ಲವೇ" ಎಂದು ಚಾರ್ಜರನ್ನು ಮತ್ತೆ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಚಾಟ್‌ನಲ್ಲಿ ಅವರ ಹೆಸರಿನ ಪಕ್ಕದ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿದಾಗ ಅವರಿನ್ನೂ ಲಿಫ್ಟಿಗಾಗಿ ಕಾಯುತ್ತ ನಿಂತಿದ್ದರು.

ಅವರ ಕೆಲಸವನ್ನು ಈಗ ನನ್ನ ತಲೆಗೆ ಕಟ್ಟಿದ್ದಾರೆ. ವರ್ಷಾಂತ್ಯದ ಲೆಕ್ಕ ಮುಗಿಸುವ ಹಳೆಯ ವ್ಯವಸ್ಥೆಯೊಂದಿದೆ, ಅದರ ಮರ್ಮ ಗೊತ್ತಿದ್ದದ್ದು ಅವರೊಬ್ಬರಿಗೇ. ಹುಡುಕಿದಾಗ ಹದಿನೇಳು ಪುಟದ ಕಡತವೊಂದು ಸಿಕ್ಕಿತು. ಯಾರೂ ಕೇಳದೆ ಅವರೇ ಬರೆದಿಟ್ಟದ್ದು. ಪ್ರತಿ ಹೆಜ್ಜೆಗೂ ಚಿತ್ರವಿದೆ, ಎಲ್ಲಿ ಏನು ಕೈಕೊಡುತ್ತದೆ ಎಂಬ ಟಿಪ್ಪಣಿಯಿದೆ. ಒಂಬತ್ತನೆಯ ಹೆಜ್ಜೆಯಲ್ಲಿ ಮಾತ್ರ 'ಇಲ್ಲಿ ಜಾಗ್ರತೆ' ಎಂದಷ್ಟೇ ಬರೆದು ಖಾಲಿ ಬಿಟ್ಟಿದ್ದಾರೆ. ತುಂಬಿಸುವ ಮೊದಲೇ ಮಂಗಳವಾರ ಬಂದಿರಬೇಕು.

ಇಂಥವರನ್ನೇ ಕಳಿಸುವುದಾದರೆ ನಿಷ್ಠೆಗೆ ಏನು ಬೆಲೆ? ಹನ್ನೊಂದು ವರ್ಷದಲ್ಲಿ ಎರಡು ಸಲ ಹೆಚ್ಚು ಸಂಬಳದ ಕೆಲಸ ತಾನಾಗಿ ಬಂದಾಗ 'ಇಲ್ಲೇ ಇರುತ್ತೇನೆ' ಎಂದವನು ನಾನು. ದಡ್ಡತನವಾಯಿತೇ? ಅವರಿಗೆ ಇನ್ನೂ ಫೋನ್ ಮಾಡಿಲ್ಲ. ಏನೆಂದು ಮಾತು ಶುರು ಮಾಡುವುದೋ ತಿಳಿಯುತ್ತಿಲ್ಲ.

ಲೆಕ್ಕ ಚುಕ್ತಾ

ದಡ್ಡತನವೇ, ಬೇಸರ ಮಾಡಿಕೊಳ್ಳಬೇಡಿ. ತಿಂಗಳ ಕೊನೆಗೆ ಸಂಬಳ ಖಾತೆಗೆ ಬಿದ್ದಾಗ ನಿಮಗೂ ಕಂಪನಿಗೂ ಋಣ ತೀರಿತು. ಮರುದಿನದಿಂದ ಹೊಸ ಲೆಕ್ಕ. ಒಂಬತ್ತು ವರ್ಷದಲ್ಲಿ ಐದು ಕಂಪನಿ ಬದಲಿಸಿದ್ದೇನೆ, ಪ್ರತಿ ಸಲವೂ ಸಂಬಳ ಏರಿದೆ. ಕೂತಲ್ಲೇ ಕೂತಿದ್ದಾಗ ಏರಿದ್ದು ಬೆಲೆಯೇರಿಕೆಗೂ ಸಾಲದಷ್ಟು. ನಾನು ಬಿಡುವುದಾದರೆ ತಿಂಗಳುಗಟ್ಟಲೆ ನೋಟಿಸ್ ಕೊಡಬೇಕು, ಅವರು ಬಿಡಿಸುವುದಾದರೆ ಹತ್ತು ನಿಮಿಷ ಸಾಕು. ಈ ಒಪ್ಪಂದದಲ್ಲಿ ನಿಷ್ಠೆಯ ಕಲಮು ಯಾವುದು, ತೋರಿಸಿ.

ನಿವೃತ್ತ

ಲೆಕ್ಕ ಚುಕ್ತಾ ಅವರು ಹೇಳಿದ್ದು ಇಂದಿಗೆ ಸರಿ. ಎಂದೂ ಹೀಗೇ ಇತ್ತು ಎಂದರೆ ಒಪ್ಪಲಾರೆ. ಮೂವತ್ತನಾಲ್ಕು ವರ್ಷ ಒಂದೇ ಕಡೆ ದುಡಿದವನು ನಾನು. ನಮ್ಮ ಕಾಲದ ನಿಷ್ಠೆ ಭಕ್ತಿಯೇನಲ್ಲ, ಅದೂ ವ್ಯವಹಾರವೇ, ಕಾಗದದ ಮೇಲೆ ಇರಲಿಲ್ಲ ಅಷ್ಟೆ. ಚಿಕ್ಕ ವಯಸ್ಸಿನಲ್ಲಿ ಕಡಿಮೆ ಸಂಬಳಕ್ಕೆ ದುಡಿ, ಹೇಳಿದ ಕಡೆ ಹೋಗು, ವಯಸ್ಸಾದ ಮೇಲೆ ನಿನ್ನ ಕೈ ಬಿಡುವುದಿಲ್ಲ, ಪಿಂಚಣಿ ಕೊಡುತ್ತೇವೆ. ದುಡಿಮೆಯ ಒಂದು ಪಾಲನ್ನು ಕಂಪನಿಯ ಹತ್ತಿರ ಠೇವಣಿ ಇಟ್ಟ ಹಾಗೆ.

ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ಕಥೆ ನೋಡಿ. ವ್ಯಾಪಾರ ಕುಸಿಯಿತೆಂದು ಯಾರನ್ನೂ ಮನೆಗೆ ಕಳಿಸುವುದಿಲ್ಲ ಎಂಬುದು ದಶಕಗಳ ಕಾಲ ಅಲ್ಲಿನ ಹೆಮ್ಮೆಯಾಗಿತ್ತು. 1930ರ ದಶಕದ ಮಹಾಕುಸಿತದಲ್ಲೂ ಅದರ ಕಾರ್ಖಾನೆಗಳು ಯಂತ್ರ ತಯಾರಿಸುತ್ತಲೇ ಇದ್ದವು. ಒಂದು ವಿಭಾಗದಲ್ಲಿ ಕೆಲಸ ಮುಗಿದರೆ ಬೇರೆ ಕೆಲಸ ಕಲಿಸಿ ಬೇರೆ ಊರಿಗೆ ಕಳಿಸುತ್ತಿದ್ದರು. ಕಂಪನಿಯ ಮೂರು ಅಕ್ಷರಗಳನ್ನು ನೌಕರರು ಇಂಗ್ಲಿಷಿನಲ್ಲಿ 'ಐ ಹ್ಯಾವ್ ಬೀನ್ ಮೂವ್ಡ್', ಅಂದರೆ 'ನನ್ನನ್ನು ಎತ್ತಂಗಡಿ ಮಾಡಿದರು' ಎಂದು ಬಿಡಿಸಿ ನಗುತ್ತಿದ್ದರಂತೆ. ಅಂದರೆ ಅದೇನೂ ಸ್ವರ್ಗವಾಗಿರಲಿಲ್ಲ. ಹೆಂಡತಿಯ ಕೆಲಸ, ಮಕ್ಕಳ ಶಾಲೆ ಎಲ್ಲವೂ ಆ ವ್ಯವಹಾರದ ಬೆಲೆಯಲ್ಲಿ ಸೇರಿದ್ದವು. 1980ರ ದಶಕದ ಮಧ್ಯದಲ್ಲಿ ಅಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿದ್ದರು. 1993ರಲ್ಲಿ ಕಂಪನಿ 800 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ತೋರಿಸಿತು. ಅದೇ ವರ್ಷ ಹೊರಗಿನಿಂದ ಮುಖ್ಯಸ್ಥರಾಗಿ ಬಂದ ಲೂ ಗರ್ಸ್ಟ್‌ನರ್ ಹಳೆಯ ಮಾತನ್ನು ಪೂರ್ತಿಯಾಗಿ ಬದಿಗಿಟ್ಟರು. 1994ರ ಹೊತ್ತಿಗೆ ಉಳಿದವರು ಸುಮಾರು 2.2 ಲಕ್ಷ.

ಆದರೆ ನನಗೆ ಹೆಚ್ಚು ಕಟುವಾಗಿ ಕಾಣುವುದು 1999ರ ಸಂಗತಿ. ಪಿಂಚಣಿಯ ಲೆಕ್ಕದ ವಿಧಾನವನ್ನೇ ಬದಲಿಸಿದರು. ಹಳೆಯ ವಿಧಾನದಲ್ಲಿ ದೊಡ್ಡ ಮೊತ್ತ ಬೆಳೆಯುತ್ತಿದ್ದದ್ದು ಸೇವೆಯ ಕೊನೆಯ ವರ್ಷಗಳಲ್ಲಿ. ಅದನ್ನೇ ನಂಬಿ ಮಧ್ಯವಯಸ್ಸಿಗೆ ಬಂದವರಿಗೆ ಏಟು ಬಿತ್ತು. ನೌಕರರು ಗಲಾಟೆ ಎಬ್ಬಿಸಿದ ಮೇಲೆ, 40 ವರ್ಷ ದಾಟಿ ಹತ್ತು ವರ್ಷ ಸೇವೆ ಮಾಡಿದವರು ಹಳೆಯದನ್ನೇ ಉಳಿಸಿಕೊಳ್ಳಬಹುದು ಎಂದರು. 39ರವನು ಏನು ಮಾಡಬೇಕಿತ್ತು? ಠೇವಣಿ ಇಟ್ಟಾಗಿದೆ, ಬ್ಯಾಂಕಿನ ನಿಯಮ ಬದಲಾಗಿದೆ.

ಐಬಿಎಂಗಾದರೂ ನಷ್ಟದ ನೆಪವಿತ್ತು. ಅಮೆರಿಕದ್ದೇ ಇನ್ನೊಂದು ದೊಡ್ಡ ಕಂಪನಿ ಜನರಲ್ ಎಲೆಕ್ಟ್ರಿಕ್‌ಗೆ ಅದೂ ಇರಲಿಲ್ಲ. 1981ರಲ್ಲಿ ಜ್ಯಾಕ್ ವೆಲ್ಚ್ ಚುಕ್ಕಾಣಿ ಹಿಡಿದಾಗ ಅದು ಲಾಭದಲ್ಲಿದ್ದ ಕಂಪನಿ. ಸುಮಾರು 4.1 ಲಕ್ಷ ಇದ್ದ ನೌಕರರ ಸಂಖ್ಯೆ 1985ರ ಹೊತ್ತಿಗೆ 3 ಲಕ್ಷಕ್ಕೆ ಇಳಿಯಿತು, ಕೆಲವರು ಘಟಕಗಳ ಮಾರಾಟದೊಂದಿಗೆ, ಉಳಿದವರು ಕಡಿತದಲ್ಲಿ. ಕಟ್ಟಡ ಉಳಿಸಿ ಮನುಷ್ಯರನ್ನಷ್ಟೇ ಅಳಿಸುವ ನ್ಯೂಟ್ರಾನ್ ಬಾಂಬಿನ ಹೆಸರನ್ನು ಪತ್ರಿಕೆಗಳು ಅವರಿಗೆ ಇಟ್ಟವು. ಷೇರುದಾರರು ಮಾತ್ರ ಆರಾಧಿಸಿದರು. ಉಳಿದ ಕಂಪನಿಗಳು ನೋಡಿ ಕಲಿತವು.

ಪಟ್ಟಿ ಬರೆದವನು

ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬೈಯುವವರು ಬೈಯಿರಿ.

ಮೂರು ವರ್ಷದ ಹಿಂದೆ, ಬೇರೊಂದು ಕಂಪನಿಯಲ್ಲಿ, ಅಂಥ ಪಟ್ಟಿಯೊಂದನ್ನು ನಾನು ಬರೆದಿದ್ದೇನೆ. ನನ್ನ ತಂಡದಲ್ಲಿ ಹದಿನಾಲ್ಕು ಜನ. ಶುಕ್ರವಾರ ಸಂಜೆ ನಾಲ್ಕಕ್ಕೆ ಎಕ್ಸೆಲ್ ಹಾಳೆ ಬಂತು, ಸೋಮವಾರ ಹತ್ತಕ್ಕೆ ವಾಪಸು ಕೊಡಬೇಕಿತ್ತು. ಎಷ್ಟು ಜನ ಎಂಬುದು ಮೊದಲೇ ತೀರ್ಮಾನವಾಗಿತ್ತು: ನಾಲ್ವರು. ಯಾಕೆ ಎಂಬುದನ್ನು ಆಮೇಲೆ ನಾವು ತುಂಬಿಸಬೇಕಿತ್ತು.

ಹಾಳೆಯಲ್ಲಿದ್ದ ಅಂಕಣಗಳು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಹೆಸರು, ಹುದ್ದೆಯ ದರ್ಜೆ, ವರ್ಷದ ಒಟ್ಟು ವೆಚ್ಚ, ಹಿಂದಿನ ಎರಡು ವರ್ಷದ ರೇಟಿಂಗ್, ಮತ್ತೆ 'ಅನಿವಾರ್ಯವೇ: ಹೌದು / ಇಲ್ಲ'. ಒಂಬತ್ತು ಜನರ ಮುಂದೆ 'ಹೌದು' ಎಂದು ಬರೆದೆ. ಐದಕ್ಕಿಂತ ಹೆಚ್ಚು ಇರುವಂತಿಲ್ಲ ಎಂದು ಹಾಳೆ ಹಿಂತಿರುಗಿ ಬಂತು. ಉಳಿದವನು ಅವರೇ, ನಿಮ್ಮ ಸಹೋದ್ಯೋಗಿಯ ಹದಿನೇಳು ಪುಟದ ಕಡತಕ್ಕೆ ಆ ಹಾಳೆಯಲ್ಲಿ ಜಾಗವಿಲ್ಲ. ಯಾರಿಗೆ ಏನು ಗೊತ್ತು ಎಂಬ ಅಂಕಣವೇ ಇಲ್ಲ. ಸೇವಾವಧಿ ಕಾಣುವುದು ಒಂದೇ ಕಡೆ, ವೆಚ್ಚದ ಅಂಕಣದಲ್ಲಿ. ಹೆಚ್ಚು ವರ್ಷ ಇದ್ದವರ ಸಂಬಳ ಹೆಚ್ಚು, ಆದ್ದರಿಂದ ಅಲ್ಲಿ ನಿಷ್ಠೆ ಕೆಂಪು ಬಣ್ಣದಲ್ಲಿ ಕಾಣಿಸುತ್ತದೆ.

ಒಬ್ಬ ಹುಡುಗನನ್ನು ಹಟ ಹಿಡಿದು ಉಳಿಸಿದೆ. ಅವನ ಬದಲು ಇನ್ನೊಬ್ಬರ ಹೆಸರು ಹಾಕಿದೆ. ಹುಡುಗ ಎರಡೇ ತಿಂಗಳಲ್ಲಿ ಬೇರೆ ಕಡೆ ಹೋದ. ತಪ್ಪೇನಿಲ್ಲ, ಕಣ್ಣೆದುರು ಅಷ್ಟೆಲ್ಲ ನೋಡಿದ ಮೇಲೆ ನಾನಾಗಿದ್ದರೂ ಹೋಗುತ್ತಿದ್ದೆ. ಆ ಇನ್ನೊಬ್ಬರು ಇಂದಿಗೂ ನನ್ನ ಫೋನ್ ಎತ್ತುವುದಿಲ್ಲ.

ಮಾತಾಡುವುದಕ್ಕೆ ಒಂದು ಚೀಟಿ ಕೊಟ್ಟಿದ್ದರು, ವಕೀಲರು ನೋಡಿ ಒಪ್ಪಿದ್ದು. ಆರು ಸಾಲು. 'ಕ್ಷಮಿಸಿ' ಎನ್ನಬಾರದು, ಅದು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ. ಕಾರಣ ಕೇಳಿದರೆ ಎರಡನೆಯ ಸಾಲನ್ನೇ ಮತ್ತೆ ಓದಬೇಕು. ಎಂಟು ತಿಂಗಳ ನಂತರ ನನ್ನನ್ನೇ ಕೋಣೆಗೆ ಕರೆದರು. ಓದಿದ್ದು ಅದೇ ಚೀಟಿ. ಅವರು ಒಂದು ಸಾಲು ಮುಗಿಸುವ ಮೊದಲೇ ಮುಂದಿನದು ನನ್ನ ಬಾಯಲ್ಲಿತ್ತು.

ಎರಡನೇ ಪಾಳಿ

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೀರಿ, ಸಂತೋಷ. ಕನಿಕರ ಮಾತ್ರ ಹುಟ್ಟುತ್ತಿಲ್ಲ. 'ನಾನು ಹೆಸರು ಬರೆಯುವುದಿಲ್ಲ' ಎನ್ನಬಹುದಿತ್ತು.

ಪಟ್ಟಿ ಬರೆದವನು

ಎನ್ನಬಹುದಿತ್ತು. ಆಗ ಐದು ಹೆಸರಾಗುತ್ತಿತ್ತು, ನನ್ನದೂ ಸೇರಿ. ಇದು ಸಮರ್ಥನೆಯಲ್ಲ. ಆ ಶನಿವಾರ ನನಗೆ ಹೊಳೆದದ್ದು ಅಷ್ಟೇ.

ಜಮಾಖರ್ಚು

ಹಣಕಾಸು ವಿಭಾಗದಲ್ಲಿರುವವನು ನಾನು. ಲಾಭದಲ್ಲಿರುವ ಕಂಪನಿ ಯಾಕೆ ಜನರನ್ನು ಕಳಿಸುತ್ತದೆ ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ.

ಸಂಬಳ ಪ್ರತಿ ತ್ರೈಮಾಸಿಕವೂ ಮರಳಿ ಮರಳಿ ಬರುವ ಖರ್ಚು. ಕಳಿಸುವಾಗ ಕೊಡುವ ಪರಿಹಾರ ಒಂದೇ ಸಲದ್ದು. ಅದನ್ನು ಪ್ರತ್ಯೇಕವಾಗಿ ತೋರಿಸಿ 'ಇದನ್ನು ಬಿಟ್ಟು ನೋಡಿ' ಎಂದರೆ ವಿಶ್ಲೇಷಕರು ಬಿಟ್ಟೇ ನೋಡುತ್ತಾರೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಹುದ್ದೆ ಕಡಿತ ಘೋಷಿಸಿದಾಗ 120 ಕೋಟಿ ಡಾಲರಿನ ಇಂಥದೊಂದು ಖರ್ಚನ್ನು ಒಟ್ಟಿಗೇ ಘೋಷಿಸಿತು. ಅನುಭವಿ ನೌಕರ ಹೊರಟಾಗ ಆಗುವ ನಷ್ಟಕ್ಕೆ ನಮ್ಮ ಪುಸ್ತಕದಲ್ಲಿ ಖಾತೆಯೇ ಇಲ್ಲ. ಯಂತ್ರವೊಂದನ್ನು ಗುಜರಿಗೆ ಹಾಕಿದರೆ ನಮೂದಿಸಲೇಬೇಕು. ಹದಿನಾರು ವರ್ಷದ ತಿಳಿವಳಿಕೆ ಲಿಫ್ಟ್ ಇಳಿದರೆ ಯಾವ ಪುಟದಲ್ಲೂ ಕಾಣುವುದಿಲ್ಲ.

ಅದೇ ತಿಂಗಳು ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 12,000 ಹುದ್ದೆ ಕಡಿತ ಘೋಷಿಸಿತು. ಹಿಂದಿನ ವರ್ಷ ಅದರ ನಿವ್ವಳ ಲಾಭ ಸುಮಾರು 6,000 ಕೋಟಿ ಡಾಲರ್. ಜನ ಅಷ್ಟಾಗಿ ಗಮನಿಸದ ಇನ್ನೊಂದು ಲೆಕ್ಕವಿದೆ: 2022ರ ಕೊನೆಗೆ ಅಲ್ಲಿದ್ದವರು 1,90,234, 2023ರ ಕೊನೆಗೆ 1,82,502. ಘೋಷಿಸಿದ್ದು ಹನ್ನೆರಡು ಸಾವಿರ, ವರ್ಷದ ಕೊನೆಗೆ ನಿಜವಾಗಿ ಇಳಿದದ್ದು ಎಂಟು ಸಾವಿರದ ಒಳಗೆ. ಅಂದರೆ ಒಂದು ಬಾಗಿಲಿಂದ ಕಳಿಸುತ್ತ ಇನ್ನೊಂದು ಬಾಗಿಲಿಂದ ತೆಗೆದುಕೊಳ್ಳುತ್ತಲೂ ಇದ್ದರು. ಜನ ಹೆಚ್ಚಾಗಿದ್ದಾರೆ ಎನ್ನುವುದು ಪೂರ್ತಿ ನಿಜವಲ್ಲ, ಈ ಜನ ಬೇಡ ಎನ್ನುವುದು ಹೆಚ್ಚು ನಿಜ.

ಅಪವಾದ

ಎಲ್ಲ ಕಂಪನಿಗಳೂ ಒಂದೇ ತಕ್ಕಡಿಯವಲ್ಲ. 2014ರಲ್ಲಿ ಹೊಸ ವಿಡಿಯೊ ಆಟದ ಯಂತ್ರ ಮಾರಾಟವಾಗದೆ ಜಪಾನಿನ ನಿಂಟೆಂಡೊ ಕಂಪನಿ ಸೊರಗಿದಾಗ ಅದರ ಅಧ್ಯಕ್ಷ ಸತೋರು ಇವಾತ ಕೆಲವು ತಿಂಗಳು ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಕೆಲಸ ಹೋದೀತೆಂಬ ಭಯದಲ್ಲಿರುವವರು ಜಗತ್ತನ್ನು ಮೆಚ್ಚಿಸುವ ಆಟ ಮಾಡಲಾರರು ಎಂಬರ್ಥದ ಮಾತನ್ನು ಅದರ ಹಿಂದಿನ ವರ್ಷವೇ ಷೇರುದಾರರ ಎದುರು ಹೇಳಿದ್ದರು. ಲಿಂಕನ್ ಎಲೆಕ್ಟ್ರಿಕ್ ಎಂಬ ವೆಲ್ಡಿಂಗ್ ಉಪಕರಣಗಳ ಕಂಪನಿ ಅಮೆರಿಕದ ತನ್ನ ಕಾಯಂ ನೌಕರರಿಗೆ ಕೆಲಸದ ಭರವಸೆಯನ್ನು 1958ರಲ್ಲಿ ಲಿಖಿತ ನೀತಿಯಾಗಿಸಿತು. ಆದರೆ ಬೇಡಿಕೆ ಇಳಿದಾಗ ಗಂಟೆಗಳು ಕಡಿಮೆಯಾಗುತ್ತವೆ, ಏರಿದಾಗ ಹೆಚ್ಚು ದುಡಿಯಲೇಬೇಕು, ಯಾವ ಕೆಲಸ ಕೊಟ್ಟರೂ ಮಾಡಬೇಕು. ಕಷ್ಟವನ್ನು ನಾಲ್ಕು ಜನರ ತಲೆಯ ಮೇಲೆ ಹೇರದೆ ಎಲ್ಲರಿಗೂ ಹಂಚುವ ದಾರಿ ಅದು.

ಲೆಕ್ಕ ಚುಕ್ತಾ

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸನ್ನು ಬಿಟ್ಟಿರಲ್ಲ. 1971ರಲ್ಲಿ ಹಾರಾಟ ಶುರು ಮಾಡಿದಂದಿನಿಂದ ಸಾಮೂಹಿಕ ಕಡಿತವೇ ಮಾಡಿಲ್ಲ ಎಂದು ಎಲ್ಲರೂ ಕೊಂಡಾಡುತ್ತಿದ್ದ ಕಂಪನಿ. 2025ರ ಫೆಬ್ರವರಿಯಲ್ಲಿ 1,750 ಹುದ್ದೆ ಹೋದವು. ಅಪವಾದಗಳಿಗೂ ಅವಧಿ ಮುಗಿಯುವ ದಿನಾಂಕ ಇರುತ್ತದೆ.

ಹಳದಿ ದಾರ

ಎಲ್ಲರೂ ತಿಳಿದವರು, ಚೆನ್ನಾಗಿ ಬರೆಯುತ್ತಿದ್ದೀರಿ. ಒಂದು ಮಾತು.

ನಮ್ಮ ಕಚೇರಿಯಲ್ಲಿ ಕಾಯಂ ನೌಕರರ ಗುರುತಿನ ಚೀಟಿಗೆ ನೀಲಿ ದಾರ, ಗುತ್ತಿಗೆಯವರಿಗೆ ಹಳದಿ. ಆರು ವರ್ಷದಿಂದ ಅದೇ ಮೇಜು, ಅದೇ ಕೆಲಸ, ಅದೇ ಮ್ಯಾನೇಜರ್. ಕಡಿತದ ಇಮೇಲ್ ಬಂದ ದಿನ ನಮಗೆ ಮೊದಲನೆಯದೂ ಬರಲಿಲ್ಲ, ಎರಡನೆಯದೂ ಬರಲಿಲ್ಲ. ಹಳದಿ ದಾರದ ಇಪ್ಪತ್ತು ಜನ ಅದರ ಹಿಂದಿನ ವಾರವೇ ಹೋಗಿದ್ದರು. ಗುತ್ತಿಗೆ ನವೀಕರಣವಾಗಲಿಲ್ಲ, ಅಷ್ಟೇ. ಅದನ್ನು ಯಾರೂ ಲೇಆಫ್ ಎನ್ನಲಿಲ್ಲ, ಯಾವ ಸುದ್ದಿಯ ಅಂಕಿಸಂಖ್ಯೆಯಲ್ಲೂ ಅವರಿಲ್ಲ. ನೀಲಿ ದಾರದವರು ವಿದಾಯದ ಸಂದೇಶ ಬರೆದದ್ದು ನೀಲಿ ದಾರದವರಿಗೆ ಮಾತ್ರ.

ಕಂಪನಿ ನಿಮಗೆ ನಿಷ್ಠೆ ತೋರಿಸಲಿಲ್ಲ ಎಂದು ನೊಂದಿದ್ದೀರಿ. ನೋವು ಸುಳ್ಳಲ್ಲ. ಅದನ್ನು ನಿರೀಕ್ಷಿಸುವ ಹಕ್ಕಾದರೂ ನಿಮಗಿತ್ತು.

ಉಳಿದವನು

ಹಳದಿ ದಾರ ಅವರೇ, ನಮ್ಮ ಮಹಡಿಯಲ್ಲೂ ಹಿಂದಿನ ವಾರ ಮೂರು ಕುರ್ಚಿ ಖಾಲಿಯಾಗಿದ್ದವು. ನಿಮ್ಮದನ್ನು ಓದುವವರೆಗೂ ಅದು ನನಗೆ ನೆನಪಾಗಿರಲಿಲ್ಲ.

ಕಲಮು ಓದುವವಳು

ಕಾರ್ಮಿಕ ಕಾನೂನಿನ ಕೆಲಸ ಮಾಡುವವಳು. ಕೆಲಸ ಕಳೆದುಕೊಂಡವರು ಈ ಚರ್ಚೆ ಓದುತ್ತಿದ್ದರೆ, ನಿಷ್ಠೆಯ ಮಾತು ಪಕ್ಕಕ್ಕಿಡಿ, ಅಂದೇ ಸಹಿ ಮಾಡಬೇಡಿ. ಪರಿಹಾರದ ಕಾಗದದಲ್ಲಿ ಸಾಮಾನ್ಯವಾಗಿ 'ಮುಂದೆ ದಾವೆ ಹೂಡುವುದಿಲ್ಲ' ಎಂಬ ಸಾಲು ಇರುತ್ತದೆ. ಅವರು ಹಣ ಕೊಡುವುದು ಮುಖ್ಯವಾಗಿ ಆ ಸಾಲಿಗೇ.

ದೇಶದಿಂದ ದೇಶಕ್ಕೆ ನಿಯಮ ಬೇರೆ. ಅಮೆರಿಕದಲ್ಲಿ 1988ರ ಕಾನೂನಿನಂತೆ 100 ಅಥವಾ ಹೆಚ್ಚು ನೌಕರರಿರುವ ಕಂಪನಿ ಸಾಮೂಹಿಕ ಕಡಿತಕ್ಕೆ 60 ದಿನ ಮೊದಲು ತಿಳಿಸಬೇಕು. ಗುಂಪಾಗಿ ಕಳಿಸುವಾಗ, ವಯಸ್ಸಿನ ತಾರತಮ್ಯದ ದಾವೆಯ ಹಕ್ಕನ್ನು ಬಿಟ್ಟುಕೊಟ್ಟೆವೆಂದು 40 ದಾಟಿದವರಿಂದ ಬರೆಸಿಕೊಳ್ಳುವುದಿದ್ದರೆ, ಯೋಚಿಸಲು 45 ದಿನ ಕೊಡಬೇಕು. ಯಾವ ವಯಸ್ಸಿನವರು ಹೋದರು, ಯಾವ ವಯಸ್ಸಿನವರು ಉಳಿದರು ಎಂಬ ಪಟ್ಟಿಯನ್ನೂ ಕೊಡಬೇಕು. ಪಟ್ಟಿ ಬರೆದವನು ಅವರು ಹೇಳಿದ ವೆಚ್ಚದ ಅಂಕಣ ಯಾರನ್ನು ಹುಡುಕುತ್ತದೆ ಎಂಬುದು ಆ ಪಟ್ಟಿ ನೋಡಿದರೆ ಕಾಣುತ್ತದೆ. ಜರ್ಮನಿಯಲ್ಲಿ ಒಂದೇ ಬಗೆಯ ಕೆಲಸ ಮಾಡುವವರ ನಡುವೆ ಆರಿಸುವಾಗ ಸೇವಾವಧಿ, ವಯಸ್ಸು, ಅವಲಂಬಿತರು, ತೀವ್ರ ಅಂಗವೈಕಲ್ಯ ಈ ನಾಲ್ಕನ್ನು ನೋಡಲೇಬೇಕು. ಅಲ್ಲಿ ಹಳಬರಾಗಿರುವುದು ರಕ್ಷಣೆ. ಭಾರತದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ಸೂತ್ರವನ್ನು ಕಾರ್ಮಿಕರ ಮಟ್ಟಿಗೆ ಇಟ್ಟಿತ್ತು. ಅಂದರೆ ನಿಷ್ಠೆಯ ಕಲಮು ಎಲ್ಲೂ ಇಲ್ಲ ಎಂದೇನಲ್ಲ, ಲೆಕ್ಕ ಚುಕ್ತಾ ಅವರೇ. ಕಂಪನಿ ತಾನಾಗಿ ಬರೆಯುವುದಿಲ್ಲ, ಯಾರಾದರೂ ಹೊಡೆದಾಡಿ ಕಾನೂನಿನಲ್ಲಿ ಬರೆಸಬೇಕು.

ಹೋದವಳು

ಉಳಿದವನು ಅವರ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ಲ. ಏನೆಂದು ಫೋನ್ ಮಾಡಲಿ ಎಂದು ಕೇಳಿದ್ದರು.

ನನ್ನನ್ನು ಕಳಿಸಿದ ದಿನ ತಂಡದಲ್ಲಿ ಇಪ್ಪತ್ತೆರಡು ಜನರಿದ್ದರು. ಮೊದಲ ವಾರ ಫೋನ್ ಬಂದದ್ದು ಎರಡು. ಒಬ್ಬರು ಹತ್ತು ನಿಮಿಷ ಕಂಪನಿಯನ್ನು ಬೈದು, ತಮ್ಮ ಗತಿಯೇನೋ ಎಂದು ಹೆದರಿ, ನನ್ನಿಂದಲೇ ಸಮಾಧಾನ ಹೇಳಿಸಿಕೊಂಡು ಇಟ್ಟರು. ಇನ್ನೊಬ್ಬ ನನಗಿಂತ ಕಿರಿಯ ಹುಡುಗ. "ಮೇಡಂ, ನಿಮ್ಮ ಡ್ರಾಯರಿನಲ್ಲಿ ಒಂದು ಛತ್ರಿ, ಎರಡು ಪುಸ್ತಕ ಇದ್ದವು, ತಂದುಕೊಡಲೇ" ಎಂದ. ನನಗೆ ಮೂರು ದಿನದಿಂದ ಬಾರದ ಅಳು ಆ ಛತ್ರಿಯ ಮಾತಿಗೆ ಬಂತು. ಮಿಕ್ಕ ಇಪ್ಪತ್ತು ಜನ ಕೆಟ್ಟವರೇನಲ್ಲ. ಸರಿಯಾದ ಮಾತು ಹುಡುಕುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಹುಡುಕಬೇಡಿ. ಡ್ರಾಯರಿನಲ್ಲಿ ಏನಾದರೂ ಉಳಿದಿದೆಯೇ ನೋಡಿ, ಫೋನ್ ಮಾಡಿ.

ಉಳಿದವನು

ಡ್ರಾಯರ್ ನೋಡಿದೆ. ಒಂದು ಜೊತೆ ಚಪ್ಪಲಿ, ಅರ್ಧ ಖಾಲಿಯಾದ ಮುಲಾಮಿನ ಡಬ್ಬಿ. ನಿನ್ನೆ ಸಂಜೆ ಫೋನ್ ಮಾಡಿದೆ.

ಅವರು ನಾನು ಎಣಿಸಿದ ಹಾಗೆ ಕುಗ್ಗಿರಲಿಲ್ಲ. ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಧೈರ್ಯ ಮಾಡಿ ಒಂಬತ್ತನೆಯ ಹೆಜ್ಜೆ ಬರೆಯಲು ಸಮಯ ಸಿಗಲಿಲ್ಲವೇ ಎಂದು ಕೇಳಿದೆ. ನಕ್ಕರು. ಅದು ನಾಲ್ಕು ವರ್ಷದಿಂದ ಖಾಲಿಯೇ ಇದೆಯಂತೆ. ಹಿಂದೊಮ್ಮೆ ಕಡಿತ ನಡೆದಾಗ ಹೆದರಿ, ಬೇಕೆಂದೇ ಅಳಿಸಿದ್ದಂತೆ. "ಅದು ನನ್ನ ವಿಮೆ ಕಣಪ್ಪ. ಎಲ್ಲ ಬರೆದಿಟ್ಟರೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಪಟ್ಟಿ ಮಾಡುವವರಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ ನೋಡು" ಎಂದರು.

ಇಷ್ಟು ವರ್ಷ ಅವರನ್ನು ನಿಷ್ಠೆಯ ಮೂರ್ತಿ ಎಂದು ನಾನು ಕಲ್ಪಿಸಿಕೊಂಡಿದ್ದೆ. ಒಂದು ಕ್ಷಣ ಮೋಸ ಹೋದ ಹಾಗೆನಿಸಿತು. ಆಮೇಲೆ ಆ ಚಾರ್ಜರ್ ನೆನಪಾಯಿತು, ಎರಡೂ ಒಬ್ಬರೇ ಮಾಡಿದ್ದು.

ನನಗೆ ಮಾತ್ರ ಹೇಳಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ಬದಲಿಗೆ ಇಂದು ಬೆಳಿಗ್ಗೆ ಮ್ಯಾನೇಜರಿಗೆ ಬರೆದೆ: ಈ ಕೆಲಸ ನನ್ನಿಂದ ಪೂರ್ತಿಯಾಗುವುದಿಲ್ಲ, ಅವರನ್ನು ಗಂಟೆಯ ಲೆಕ್ಕದಲ್ಲಿ ಸಲಹೆಗಾರರಾಗಿ ಕರೆಸಬೇಕು, ದರವನ್ನು ಅವರೇ ಹೇಳುತ್ತಾರೆ. ದರ ನನಗೆ ಗೊತ್ತು, ಅವರ ಹಳೆಯ ಸಂಬಳದ ಮೂರು ಪಟ್ಟು. ಮ್ಯಾನೇಜರ್ ಓದಿದ್ದಾರೆ, ಉತ್ತರ ಬಂದಿಲ್ಲ. ವರ್ಷಾಂತ್ಯಕ್ಕೆ ಇನ್ನು ಐದು ವಾರವಿದೆ. ಚಪ್ಪಲಿ ಕೊಡಲು ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.